ಅಸಲಿಗಿಂತ ಹೊಸ ನಕಲು

ಫೆಬ್ರವರಿ ೪, ಮಂಗಳವಾರ

ಅಣ್ಣನ ಮನೆಗೆ ಬಂದು ನಾಲ್ಕು ಗಂಟೆಯಾಯಿತು. ಇಷ್ಟರಲ್ಲಿ ಮೂರು ಸಲ ಚಹಾ ಕುಡಿದೆ, ಎರಡು ಸಲ ಚಪ್ಪಲಿ ಮೆಟ್ಟಿ ಗೇಟಿನ ತನಕ ಹೋಗಿ ವಾಪಸು ಬಂದೆ. ಕಳೆದ ಇಪ್ಪತ್ತೈದು ವರ್ಷದಲ್ಲಿ ಈ ಮನೆಯಲ್ಲಿ ಇಷ್ಟು ಹೊತ್ತು ಕೂತದ್ದೇ ಇಲ್ಲ. ಸಾವು, ಮದುವೆ ಅಂತ ಬಂದಾಗಲೂ ಒಂದು ಕಾಲು ಹೊರಗಿಟ್ಟುಕೊಂಡೇ ಬಂದವಳು ನಾನು.

ಅತ್ತಿಗೆ ಫೋನು ಮಾಡದಿದ್ದರೆ ಈಗಲೂ ಬರುತ್ತಿರಲಿಲ್ಲ. ನವೆಂಬರಿನಲ್ಲಿ ಅಣ್ಣನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಸೋತಿದೆ, ಮಾತು ಹೋಗಿದೆ. ‘ಹೂಂ’, ‘ಬೇಡ’, ‘ಆಮೇಲೆ’, ಇಷ್ಟೇ ಉಳಿದಿರುವುದು. ಹೇಳಿದ್ದೆಲ್ಲ ಅರ್ಥವಾಗುತ್ತದೆ ಅಂತ ಡಾಕ್ಟರು ಹೇಳಿದ್ದಾರಂತೆ. ಹೋದ ವಾರ ಪ್ರಕಾಶಕರು ಫೋನು ಮಾಡಿ, ಅವನ ಹೊಲಿಗೆ ಯಂತ್ರ ರಿಪೇರಿಯ ಪುಸ್ತಕವನ್ನು ತರಬೇತಿ ಶಾಲೆಗಳ ಪಠ್ಯಕ್ಕೆ ಆರಿಸಿದ್ದಾರೆ, ಮತ್ತೆ ಅಚ್ಚು ಹಾಕಬೇಕು, ಫೆಬ್ರವರಿ ಇಪ್ಪತ್ತೆಂಟರೊಳಗೆ ಫೈಲನ್ನು ಹೊಸ ಮಾದರಿಯಲ್ಲಿ ಕೊಡಿ, ಇಲ್ಲದಿದ್ದರೆ ಬೇರೆ ಪುಸ್ತಕ ತೆಗೆದುಕೊಳ್ಳುತ್ತಾರೆ ಅಂದರಂತೆ. ಮೊದಲು ಅಚ್ಚು ಹಾಕಿದ ಪ್ರೆಸ್ಸು ಮುಚ್ಚಿ ಎಷ್ಟೋ ಕಾಲವಾಯಿತು. ಫೈಲುಗಳು ಇರುವುದು ಅಣ್ಣನ ಹಳೆಯ ಕಂಪ್ಯೂಟರಿನಲ್ಲಿ ಮಾತ್ರ. ಅವನ್ನು ಟೈಪು ಮಾಡಿದವಳು ನಾನು.

ಬರೀ ಟೈಪು ಮಾಡಿದವಳಲ್ಲ, ಇದನ್ನು ಇಲ್ಲಿ ಬರೆದಿಡಲೇಬೇಕು. ಅವನು ‘ದಾರದ ಬಿಗಿ ಸರಿಪಡಿಸಿ’ ಅಂತ ಒಂದೇ ಮಾತು ಹೇಳಿ ಮುಂದೆ ಓಡುತ್ತಿದ್ದ. ಯಾವ ತಿರುಪು, ಯಾವ ಕಡೆಗೆ, ಎಷ್ಟು ಸುತ್ತು ಅಂತ ಕೆದಕಿ ಕೆದಕಿ ಕೇಳಿ, ಯಂತ್ರವನ್ನು ಬಿಚ್ಚಿಯೇ ನೋಡದವರಿಗೂ ತಿಳಿಯುವ ಹಾಗೆ ವಾಕ್ಯ ಕಟ್ಟಿದವಳು ನಾನು. ಎರಡು ವರ್ಷ, ಟೈಪಿಂಗ್ ಶಾಲೆಯಲ್ಲಿ ಪಾಠ ಮುಗಿಸಿ ದಿನಾ ಸಂಜೆ ಬರುತ್ತಿದ್ದೆ. ಪುಸ್ತಕ ಬಂತು. ಮೊದಲಲ್ಲೇ ‘ಲೇಖಕನ ಮಾತು’ ಅಂತ ಎರಡು ಪುಟ. ಅವನು ಕಲಿಸುತ್ತಿದ್ದ ತರಬೇತಿ ಶಾಲೆಯ ಪ್ರಾಂಶುಪಾಲರಿಗೆ, ಚಿತ್ರ ಬರೆದವರಿಗೆ, ಪ್ರೆಸ್ಸಿನವರಿಗೆ, ಯಂತ್ರದ ಎಣ್ಣೆ ತಂದುಕೊಡುತ್ತಿದ್ದವನಿಗೂ ವಂದನೆ. ನನ್ನ ಸುದ್ದಿಯೇ ಇಲ್ಲ. ನಾನು ಕೇಳಲಿಲ್ಲ, ಅವನು ಹೇಳಲಿಲ್ಲ. ಹೋಗಿ ಬಂದು ಮಾಡುವುದು ಅಲ್ಲಿಗೆ ನಿಂತಿತು.

ಇವತ್ತು ಕೋಣೆಯೊಳಗೆ ಕಾಲಿಟ್ಟಾಗ ಅಣ್ಣ ಮುಖವನ್ನು ಕಿಟಕಿಯ ಕಡೆ ತಿರುಗಿಸಿದ. ಕಾಯಿಲೆ ಬಂದರೂ ಗತ್ತು ಇಳಿದಿಲ್ಲ. ಮುಖ ತಿರುಗಿಸಬೇಕಾದವಳು ನಾನು. ಭಾನುವಾರದ ಬಸ್ಸಿಗೆ ಹೊರಡುತ್ತೇನೆ, ಅಷ್ಟರಲ್ಲಿ ಕೆಲಸ ಮುಗಿಸಿ ಕೈತೊಳೆದುಕೊಂಡರಾಯಿತು.

ಫೆಬ್ರವರಿ ೫, ಬುಧವಾರ

ಹಳೆಯ ಕಂಪ್ಯೂಟರು ಅಣ್ಣನ ಮಂಚದ ಕೆಳಗೆ ಹರಿದ ಬೆಡ್‌ಶೀಟು ಹೊದ್ದು ಮಲಗಿತ್ತು. ಸ್ವಿಚ್ಚು ಹಾಕಿದರೆ ಒಮ್ಮೆ ನರಳಿ ಸುಮ್ಮನಾಯಿತು. ಎತ್ತಿಕೊಂಡು ಬೀದಿ ಕೊನೆಯ ರಿಪೇರಿ ಅಂಗಡಿಗೆ ಹೋದೆ. ಅಂಗಡಿ ನಡೆಸುವವಳು ನಲವತ್ತರ ಆಸುಪಾಸಿನ ಹೆಂಗಸು. ಕನ್ನಡಕಕ್ಕೆ ದಾರ ಕಟ್ಟಿ ಕೊರಳಲ್ಲಿ ಇಳಿಬಿಟ್ಟುಕೊಂಡಿದ್ದಾಳೆ. ಅವಸರ ಅನ್ನುವ ಪದವನ್ನೇ ಕೇಳಿಲ್ಲ ಅನ್ನಿಸುತ್ತದೆ. ಒಂದು ತಿರುಪು ಬಿಚ್ಚುವುದು, ಅದನ್ನು ಬಟ್ಟಲಿಗೆ ಹಾಕುವುದು, ಬಟ್ಟಲನ್ನು ಸರಿಸಿ ಇಡುವುದು. ನೋಡಿ ನೋಡಿ ನನಗೆ ಮೈ ಪರಚಿಕೊಳ್ಳುವ ಹಾಗಾಯಿತು.

ಕೊನೆಗೂ ಒಳಗಿನ ಡಿಸ್ಕು ತೆಗೆದು, ಇದ್ದದ್ದನ್ನೆಲ್ಲ ಪೆನ್‌ಡ್ರೈವಿಗೆ ಹಾಕಿ ಕೊಟ್ಟಳು. ಹದಿನಾಲ್ಕು ಅಧ್ಯಾಯ, ಲೇಖಕನ ಮಾತು, ಒಟ್ಟು ಹದಿನೈದು ಫೈಲು. ಒಂದೊಂದಕ್ಕೂ ಅದೇ ಹೆಸರಿನ ಇನ್ನೊಂದು ಜೊತೆಗಿದೆ. ಇದೇನು ಅಂದರೆ, ಆ ಕಾಲದ ತಂತ್ರಾಂಶ ನಾವು ಸೇವ್ ಮಾಡಿದಾಗೆಲ್ಲ ಅದಕ್ಕೂ ಹಿಂದಿನ ಪ್ರತಿಯನ್ನು ಪಕ್ಕಕ್ಕೆ ತೆಗೆದಿಡುತ್ತಿತ್ತಂತೆ, ಕೈತಪ್ಪಿದರೆ ಇರಲಿ ಅಂತ. ನಕಲು ಯಾವಾಗಲೂ ಅಸಲಿಗಿಂತ ಒಂದು ಹೆಜ್ಜೆ ಹಿಂದಿನದು, ಬೇಡವಾದರೆ ಅಳಿಸಿ ಅಂದಳು.

ಲೇಖಕನ ಮಾತನ್ನು ಕೊನೆಗಿಟ್ಟುಕೊಂಡಿದ್ದೇನೆ. ಯಾಕೆ ಅಂತ ಬೇರೆ ಬರೆಯಬೇಕಾಗಿಲ್ಲ.

ಫೆಬ್ರವರಿ ೬, ಗುರುವಾರ

ಮುಗಿದೇ ಹೋಯಿತು! ಸುಮ್ಮನೆ ಹೆದರಿದ್ದೆ. ಫೈಲಿನ ಹೆಸರಿನ ಕೊನೆಗೆ ಚುಕ್ಕಿ ಇಟ್ಟು ಮೂರಕ್ಷರದ ಬಾಲ ಇರುತ್ತದೆ. ಅಣ್ಣನ ಮೇಜಿನ ಮೇಲಿರುವ ಹೊಸ ಕಂಪ್ಯೂಟರಿನಲ್ಲಿ ಹಳೆಯ ಬಾಲ ತೆಗೆದು ಪ್ರಕಾಶಕರು ಕೇಳಿದ ಹೊಸ ಬಾಲ ಅಂಟಿಸಿದೆ. ‘ಹೀಗೆ ಮಾಡಿದರೆ ಫೈಲು ಬಳಕೆಗೆ ಬಾರದೇ ಹೋಗಬಹುದು, ಆದರೂ ಮಾಡಲೇ?’ ಅಂತ ಯಂತ್ರ ಏನೋ ಗೊಣಗಿತು. ಹೌದು ಒತ್ತಿದೆ. ಹದಿನಾಲ್ಕಕ್ಕೆ ಐದು ನಿಮಿಷ ಸಾಕಾಯಿತು. ಅಷ್ಟನ್ನು ಪ್ರಕಾಶಕರಿಗೆ ಕಳಿಸಿ, ಲೇಖಕನ ಮಾತೊಂದನ್ನು ನಾಳೆಗಿಟ್ಟು, ಬಟ್ಟೆ ಮಡಿಸಿ ಚೀಲಕ್ಕೆ ತುಂಬಿದ್ದೇನೆ. ಅತ್ತಿಗೆ ಇಷ್ಟು ಬೇಗನಾ ಅಂದರು. ನಲವತ್ತು ವರ್ಷ ಟೈಪಿಂಗ್ ಕಲಿಸಿದವಳು ನಾನು, ಸುಮ್ಮನೆ ಅಲ್ಲ ಅಂದೆ.

ಫೆಬ್ರವರಿ ೭, ಶುಕ್ರವಾರ

ಮಾನ ಹೋಯಿತು. ಫೈಲು ತೆರೆದರೆ ಚೌಕಗಳು, ನಗುವ ಮುಖಗಳು, ಹೃದಯದ ಚಿಹ್ನೆಗಳು ಕಾಣುತ್ತಿವೆಯಂತೆ. ಪ್ರಕಾಶಕರು ಬಹಳ ಮರ್ಯಾದೆಯಿಂದಲೇ, ಮೇಡಂ, ಇದು ಹೊಲಿಗೆ ಯಂತ್ರದ ಪುಸ್ತಕವೇ ತಾನೆ ಅಂತ ಕೇಳಿದರು.

ರಿಪೇರಿಯಾಕೆಯ ಹತ್ತಿರ ಓಡಿದೆ. ಅವಳು ಕನ್ನಡಕ ಏರಿಸಿ ನೋಡಿ ಹೇಳಿದಳು: “ಡಬ್ಬಿ ಮೇಲಿನ ಚೀಟಿ ಬದಲಾಯಿಸಿದ್ದೀರಿ ಅಷ್ಟೇ. ಒಳಗಿರೋದು ಹಾಗೇ ಇದೆಯಲ್ಲ.”

ನನ್ನ ವಿದ್ಯಾರ್ಥಿನಿ ಹೀಗೆ ಮಾಡಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಫೆಬ್ರವರಿ ೯, ಭಾನುವಾರ

ಬಸ್ಸು ನಾನಿಲ್ಲದೆ ಹೋಯಿತು. ತುಂಬಿದ ಚೀಲ ಹಾಗೇ ಇದೆ, ಬೇಕಾದ ಸೀರೆಯನ್ನು ಅದರಿಂದಲೇ ಎಳೆದುಕೊಳ್ಳುತ್ತೇನೆ. ಅಣ್ಣನ ಕೋಣೆಯಲ್ಲೇ ಮೇಜು, ಹಾಗಾಗಿ ದಿನವಿಡೀ ಅವನ ಬೆನ್ನು ನೋಡುತ್ತಾ ಕೂರುವ ಸೌಭಾಗ್ಯ. ಬೆರಳು ಸುಮ್ಮನಿರುವುದಿಲ್ಲ, ಮೇಜಿನ ಮೇಲೆ ಟಕಟಕ ಬಡಿಯುತ್ತಿದ್ದೆ. ಕಿಟಕಿಯ ಕಡೆಯಿಂದಲೇ ಅವನು “ಬೇಡ” ಅಂದ. ಐದು ದಿನದಲ್ಲಿ ನನಗೆ ಹೇಳಿದ ಮೊದಲ ಮಾತು.

ಫೆಬ್ರವರಿ ೧೨, ಬುಧವಾರ

ರಿಪೇರಿಯಾಕೆ ಮನೆಗೇ ಬಂದು ಅರ್ಧ ದಿನ ಕೂತಳು. ಹೊಸ ಕಂಪ್ಯೂಟರಿನೊಳಗೆ ಹಳೆಯ ಕಂಪ್ಯೂಟರಿನ ವೇಷ ಹಾಕುವ ಒಂದು ತಂತ್ರಾಂಶವಿದೆಯಂತೆ. ಅದನ್ನು ಹಾಕಿ, ಅದರೊಳಗೆ ಹಳೆಯ ತಂತ್ರಾಂಶವನ್ನು ಎಬ್ಬಿಸಿದಳು. ಕಪ್ಪು ಪರದೆಯ ಮೇಲೆ ನನ್ನ ಒಂದನೇ ಅಧ್ಯಾಯ ಮೂಡಿತು. ನಾನು ಟೈಪು ಮಾಡಿದ ಸಾಲುಗಳು, ನಾನೇ ಬಿಟ್ಟ ಜಾಗ. ಎದ್ದು ಹೋಗಿ ನೀರು ಕುಡಿದು ಬಂದೆ.

ಅಲ್ಲಿಂದ ಹೊಸದಕ್ಕೆ ದಾಟಿಸಿದರೆ ಕನ್ನಡವೇ ಇಲ್ಲ, ಇಂಗ್ಲಿಷ್ ಅಕ್ಷರ, ಬಾಲ, ಕೊಂಬು ಎಲ್ಲ ಕಲಸಿಕೊಂಡಿವೆ. ಆ ಕಾಲದ ಫಾಂಟುಗಳಲ್ಲಿ ಕನ್ನಡವನ್ನು ಇಂಗ್ಲಿಷಿನ ಜಾಗದಲ್ಲಿ ಬಾಡಿಗೆಗೆ ಕೂರಿಸಿದ್ದರು. ಅದನ್ನು ಇನ್ನೊಂದು ತಂತ್ರಾಂಶಕ್ಕೆ ಹಾಕಿ ಈಗಿನ ಕನ್ನಡಕ್ಕೆ ತಿರುಗಿಸಬೇಕು. ತಿರುಗಿಸಿದರೆ ನೂರಕ್ಕೆ ತೊಂಬತ್ತು ಸರಿ. ಉಳಿದ ಹತ್ತರಲ್ಲಿ ಒತ್ತಕ್ಷರ ಪಕ್ಕದ ಮನೆ ಸೇರಿರುತ್ತದೆ, ಅಂಕಿ ಮಾಯವಾಗಿರುತ್ತದೆ. ಇನ್ನೂರ ಮೂವತ್ತು ಪುಟವನ್ನೂ ಅಚ್ಚಾದ ಪುಸ್ತಕದ ಜೊತೆ ಹೋಲಿಸಿ ಓದದೆ ಬೇರೆ ದಾರಿಯಿಲ್ಲ. ಉಳಿದಿರುವುದು ಹದಿನಾರು ದಿನ.

ಫೆಬ್ರವರಿ ೧೪, ಶುಕ್ರವಾರ

ನಾನು ಪರದೆ ನೋಡಿ ಗಟ್ಟಿಯಾಗಿ ಓದುತ್ತೇನೆ, ಅತ್ತಿಗೆ ಪುಸ್ತಕದಲ್ಲಿ ಬೆರಳಿಟ್ಟು ಸರಿ ಅನ್ನುತ್ತಾರೆ. ಮೂರನೇ ಅಧ್ಯಾಯದಲ್ಲಿ ಓದುತ್ತಿದ್ದೆ: ‘ತಿರುಪನ್ನು ಸುತ್ತು ಬಲಕ್ಕೆ ತಿರುಗಿಸಿ.’ ಅತ್ತಿಗೆ ತೂಕಡಿಸುತ್ತಿದ್ದರೋ ಏನೋ, ಸರಿ ಅಂದರು. ಕಿಟಕಿಯ ಕಡೆಯಿಂದ ಅಣ್ಣ ಏನೋ ಹೇಳಿದ. ತಲೆ ಎತ್ತಿ ನೋಡಿದರೆ ಕಿಟಕಿ ಬಿಟ್ಟು ನನ್ನ ಕಡೆ ನೋಡುತ್ತಿದ್ದಾನೆ. “ಇನ್ನೊಂದ್ಸಲ,” ಅಂದ. ಹೊಸ ಪದ. ಅತ್ತಿಗೆಗೆ ನಿದ್ದೆ ಹಾರಿಹೋಯಿತು.

ಇನ್ನೊಂದು ಸಲ ಓದಿದೆ. ಪುಸ್ತಕ ನೋಡಿದರೆ ‘¼ ಸುತ್ತು’. ಕಾಲು ಅನ್ನುವುದನ್ನು ಚಿಹ್ನೆಯಲ್ಲಿ ಹಾಕಿದ್ದೆ, ದಾಟುವಾಗ ಬಿದ್ದುಹೋಗಿದೆ. ಪೂರ್ತಿ ಸುತ್ತು ತಿರುಗಿಸಿದರೆ ಹೊಲಿಯುವ ದಾರವೆಲ್ಲ ಪಟಪಟ ಕಿತ್ತುಹೋಗುತ್ತಿತ್ತು. ಅಣ್ಣನಿಗೆ ಪುಸ್ತಕ ಬಾಯಿಪಾಠ.

ಫೆಬ್ರವರಿ ೧೭, ಸೋಮವಾರ

ದಿನಕ್ಕೆ ಎರಡು ಅಧ್ಯಾಯ. ಅವನ ಕುರ್ಚಿಯನ್ನು ಮೇಜಿನ ಪಕ್ಕಕ್ಕೆ ಎಳೆದುಕೊಂಡಿದ್ದೇವೆ. ಏನಾದರೂ ತಪ್ಪು ಕೇಳಿಸಿದರೆ “ಇನ್ನೊಂದ್ಸಲ” ಅನ್ನುತ್ತಾನೆ. ನಾನು ಬೇಕೆಂದೇ ಒಂದು ಕಡೆ ಬಾಬಿನ್ ಅನ್ನುವಲ್ಲಿ ಬಕೆಟ್ ಅಂತ ಓದಿದೆ. ಎಡಗೈಯಿಂದ ಮೇಜು ಗುದ್ದಿದ. ಮುಖದ ಒಂದೇ ಪಕ್ಕ ನಕ್ಕಿತು.

ಮುಗಿದ ಅಧ್ಯಾಯದ ಜೋಡಿ ಫೈಲುಗಳಲ್ಲಿ ಹಳೆಯದನ್ನು ಆಗಿಂದಾಗಲೇ ಅಳಿಸಿಬಿಡುತ್ತಿದ್ದೇನೆ. ಎರಡೆರಡು ಇದ್ದರೆ ನನಗೆ ತಲೆ ಕೆಡುತ್ತದೆ. ತಾರೀಕು ನೋಡು, ಹೊಸದನ್ನು ಇಟ್ಟುಕೋ, ಹಳೆಯದನ್ನು ಅಳಿಸು.

ಫೆಬ್ರವರಿ ೧೯, ಬುಧವಾರ

ಹದಿನಾಲ್ಕೂ ಮುಗಿದವು. ಊಟವಾದ ಮೇಲೆ ಅಣ್ಣ ಮಲಗಿದ್ದ, ಲೇಖಕನ ಮಾತಿನ ಜೋಡಿಯನ್ನು ಮುಂದಿಟ್ಟುಕೊಂಡೆ. ಅಸಲಿನ ತಾರೀಕು ಮೇ ೧೧. ನಕಲಿನ ತಾರೀಕು ಮೇ ೧೪.

ಹೀಗಿರಲು ಸಾಧ್ಯವಿಲ್ಲ. ನಕಲು ಯಾವತ್ತೂ ಹಿಂದಿನದು. ಹದಿನಾಲ್ಕು ಅಧ್ಯಾಯದಲ್ಲಿ ಒಂದರಲ್ಲೂ ಹೀಗಿರಲಿಲ್ಲ. ನನ್ನ ಲೆಕ್ಕದ ಪ್ರಕಾರ ಅಸಲನ್ನು ಅಳಿಸಬೇಕು, ನಕಲನ್ನು ಇಟ್ಟುಕೊಳ್ಳಬೇಕು. ಎರಡನ್ನೂ ತೆರೆದೆ. ಅಸಲು ನನಗೆ ಗೊತ್ತಿದ್ದದ್ದೇ, ಎಣ್ಣೆಯವನ ವಂದನೆಗೆ ಮುಗಿಯುತ್ತದೆ. ನಕಲಿನಲ್ಲಿ ಎಣ್ಣೆಯವನ ಕೆಳಗೆ ಇನ್ನೊಂದು ಪ್ಯಾರಾ ಇದೆ:

‘ಈ ಪುಸ್ತಕದಲ್ಲಿ ಯಂತ್ರದ ವಿಷಯವಷ್ಟೇ ನನ್ನದು. ಅದು ಓದುವವರಿಗೆ ತಿಳಿಯುವ ಹಾಗಿದ್ದರೆ ಅದಕ್ಕೆ ನನ್ನ ತಂಗಿ ಕಾರಣ. ಅವಳನ್ನು ಗಡಿಬಿಡಿಯವಳು ಎಂದು ಮನೆಯವರೆಲ್ಲ ಹಂಗಿಸುತ್ತೇವೆ. ಆದರೆ ಅವಸರದಲ್ಲಿ ನಾನು ನುಂಗಿಬಿಡುತ್ತಿದ್ದ ಒಂದೊಂದು ಹಂತವನ್ನೂ ನಿಲ್ಲಿಸಿ ಕೇಳಿದವಳು ಅವಳೇ. ಈ ಪುಸ್ತಕವನ್ನು ನೋಡಿಕೊಂಡು ಯಾರಾದರೂ ಒಂದು ಯಂತ್ರವನ್ನು ಸರಿಮಾಡಿದರೆ, ಆ ಕೆಲಸ ಅರ್ಧ ನನ್ನದು, ಅರ್ಧ ನನ್ನ ತಂಗಿಯದು.’

ನಾಲ್ಕು ಸಲ ಓದಿದೆ. ಅಂಗಳಕ್ಕೆ ಹೋದೆ, ಬಂದೆ, ಮತ್ತೆ ಹೋದೆ. ಹಾಗಾದರೆ ಬರೆದಿದ್ದ. ಬರೆದು ಆಮೇಲೆ ತೆಗೆದುಹಾಕಿದನೇ? ಬರೆಯದೇ ಇದ್ದದ್ದಕ್ಕಿಂತ ಅದು ಹೆಚ್ಚು ಉರಿಯುತ್ತದೆ.

ಫೆಬ್ರವರಿ ೨೦, ಗುರುವಾರ

ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಬಾಗಿಲಲ್ಲಿ ನಿಂತಿದ್ದೆ. ರಿಪೇರಿಯಾಕೆ ಚಹಾ ಮುಗಿಸಿ, ಲೋಟ ತೊಳೆದು, ಆಮೇಲೆ ನೋಡಿದಳು. ನಿಮ್ಮಣ್ಣ ಅದನ್ನು ತೆಗೆದುಹಾಕಿ ಸೇವ್ ಮಾಡಿದ್ದರೆ ಅಸಲಿನ ತಾರೀಕು ಹದಿನಾಲ್ಕರ ನಂತರದ್ದಾಗಿರಬೇಕಿತ್ತು ಅಂದಳು. ಹದಿನಾಲ್ಕಕ್ಕೆ ಈ ಪ್ಯಾರಾ ಇರುವ ಅಸಲೇ ಇಲ್ಲಿತ್ತು, ಬರೆದು ಎರಡು ಸಲ ಸೇವ್ ಮಾಡಿದ್ದರಿಂದ ನಕಲಿಗೂ ಅದು ಬಂದಿದೆ. ಆಮೇಲೆ ಯಾರೋ ಹನ್ನೊಂದರ ಒಂದು ಪ್ರತಿಯನ್ನು ಹೊರಗಿನಿಂದ ತಂದು ಅದರ ಮೇಲೆ ಹಾಕಿದ್ದಾರೆ. ಹಾಗೆ ಹಾಕಿದರೆ ಇದ್ದದ್ದು ಹೋಗುತ್ತದೆ, ಪಕ್ಕದ ನಕಲನ್ನು ಯಾರೂ ಮುಟ್ಟಿರುವುದಿಲ್ಲ.

“ಫ್ಲಾಪಿಯಲ್ಲಿ ತಂದು ಹಾಕಿರ್ತಾರೆ,” ಅಂದಳು. “ಇದರ ಮೇಲೆ ಹಾಕಲಾ ಅಂತ ಯಂತ್ರ ಕೇಳಿರತ್ತೆ. ಓದದೇ ಹೌದು ಒತ್ತಿರ್ತಾರೆ.”

ನನಗೆ ಅಲ್ಲೇ ನೆನಪಾಯಿತು. ಮೇ ಹದಿನೈದು. ಪ್ರೆಸ್ಸಿನವರು ಲೇಖಕನ ಮಾತಿನಲ್ಲಿ ಅಣ್ಣನ ಶಾಲೆಯ ಹೆಸರು ತಪ್ಪಿದೆ ಅಂದಿದ್ದರು. ನನ್ನ ಶಾಲೆಯ ಕಂಪ್ಯೂಟರಿನಲ್ಲಿ ಹನ್ನೊಂದಕ್ಕೇ ತಿದ್ದಿಟ್ಟಿದ್ದೆ. ಹದಿನೈದಕ್ಕೆ ಎರಡು ಪಾಠದ ನಡುವೆ ಓಡಿಬಂದು, ಅಣ್ಣ ಮನೆಯಲ್ಲಿಲ್ಲದಾಗ, ಇಲ್ಲೂ ತಿದ್ದಿದ್ದೇ ಇರಲಿ ಅಂತ ಅವನ ಯಂತ್ರಕ್ಕೆ ಹಾಕಿ, ಅದೇ ಫ್ಲಾಪಿಯನ್ನು ಪ್ರೆಸ್ಸಿಗೆ ಕೊಟ್ಟು ಹೋಗಿದ್ದೆ. ನಿಂತೇ ಮಾಡಿದ್ದೆ, ಕುರ್ಚಿ ಎಳೆದುಕೊಳ್ಳಲೂ ಪುರಸೊತ್ತಿರಲಿಲ್ಲ.

ನಾನೇ ಅಳಿಸಿದ್ದು. ನನ್ನ ಕೈಯಿಂದ, ನನ್ನದನ್ನು.

ಫೆಬ್ರವರಿ ೨೧, ಶುಕ್ರವಾರ

ಅತ್ತಿಗೆಯನ್ನು ಅಡಿಗೆಮನೆಯಲ್ಲಿ ಹಿಡಿದು ಕೇಳಿದೆ. ಅವರಿಗೆ ಎಲ್ಲ ಗೊತ್ತಿತ್ತು, ಅಂದರೆ ಅಣ್ಣನಿಗೆ ತಿಳಿದಷ್ಟು. ಅಚ್ಚಾಗಿ ಬರಲಿ, ಆಮೇಲೆ ನೋಡಲಿ ಅಂತ ನನಗೆ ಹೇಳದೆ ಬರೆದಿದ್ದನಂತೆ. ಪುಸ್ತಕ ಬಂದಾಗ ಮೊದಲು ಆ ಪುಟವನ್ನೇ ತೆರೆದನಂತೆ. ಫೈಲು ಪ್ರೆಸ್ಸಿಗೆ ಹೋದದ್ದು ನನ್ನ ಕೈಯಿಂದ. ಅದಾದ ಮೇಲೆ ನಾನು ಈ ಕಡೆ ತಲೆ ಹಾಕಲಿಲ್ಲ.

“ನನ್ನ ಪುಸ್ತಕದಲ್ಲಿ ಅವಳ ಹೆಸರು ಬೇಡ್ವಂತೆ, ತೆಗೆದುಹಾಕಿದಾಳೆ, ಅಂದ್ರು. ಕೇಳಿ ಅಂದೆ. ಬೇಡ ಅಂದವಳ ಹತ್ರ ಏನು ಕೇಳೋದು ಅಂದ್ರು,” ಅಂತ ಅತ್ತಿಗೆ ಹೇಳಿದರು. ನನಗೆ ಯಾಕೆ ಹೇಳಲಿಲ್ಲ ಅಂದೆ. “ನೀನು ಕೂತಿದ್ದರೆ ತಾನೆ ಹೇಳೋದು.”

ಫೆಬ್ರವರಿ ೨೨, ಶನಿವಾರ

ಇಡೀ ದಿನ ನನ್ನಲ್ಲೇ ವಾದ ಮಾಡಿಕೊಂಡೆ. ಪ್ರಕಾಶಕರಿಗೆ ಅಚ್ಚಾಗಿದ್ದ ಪ್ರತಿಯನ್ನೇ ಕಳಿಸಿ ಹೊರಟುಬಿಟ್ಟರೆ ಯಾರಿಗೂ ಏನೂ ತಿಳಿಯುವುದಿಲ್ಲ. ಕಾಯಿಲೆಯವನ ಮನಸ್ಸು ಕಲಕುವುದು ಯಾಕೆ ಅಂತ ಒಂದು ನೆಪವೂ ರೆಡಿ ಇದೆ. ನಿಜ ಹೇಳಬೇಕೆಂದರೆ ನನಗೆ ಹೆದರಿಕೆ. ಇಷ್ಟು ವರ್ಷ ನಾನು ನೊಂದವಳು ಅಂತ ಮೆರೆದಿದ್ದೇನೆ, ಬಂದವರು ಹೋದವರಿಗೆಲ್ಲ ಹೇಳಿಕೊಂಡಿದ್ದೇನೆ. ಅದನ್ನು ಬಿಟ್ಟುಕೊಡಲು ಮನಸ್ಸಿಲ್ಲ.

ಫೆಬ್ರವರಿ ೨೩, ಭಾನುವಾರ

ಹೇಳಿದೆ. ಅವನ ಎದುರಿಗೆ ಸ್ಟೂಲು ಹಾಕಿ ಕೂತು, ಮೇ ಹನ್ನೊಂದು, ಹದಿನಾಲ್ಕು, ಹದಿನೈದು ಅಂತ ಒಂದೊಂದೇ ಹೇಳಿದೆ. ಪುಸ್ತಕಕ್ಕೆಂದು ಅವನು ಹೇಳುತ್ತಿದ್ದಾಗ ನಾನು ಬಿಡಿಸಿ ಕೇಳುತ್ತಿದ್ದೆನಲ್ಲ, ಹಾಗೆ ಬಿಡಿಸಿ ಬಿಡಿಸಿ ಹೇಳಿದೆ. “ನೀನು ಬರೆದದ್ದು ನಾನು ನೋಡಿರಲೇ ಇಲ್ಲ ಅಣ್ಣ. ನೋಡದೇ ಅಳಿಸಿದೆ.”

ಅವನ ಕಣ್ಣು ತುಂಬಿತು. “ಬೇಡ,” ಅಂದ. ಕುರ್ಚಿಯ ತೋಳು ಹಿಡಿದು ಕಿಟಕಿಯ ಕಡೆ ತಿರುಗಿಕೊಂಡ.

ಫೆಬ್ರವರಿ ೨೪, ಸೋಮವಾರ

ತಿರುಗಲಿಲ್ಲ. ಎರಡು ತುತ್ತು ಉಂಡ.

ಫೆಬ್ರವರಿ ೨೫, ಮಂಗಳವಾರ

ಬೇಡ ಅಂದರೆ ಏನು ಬೇಡ? ಪ್ಯಾರಾ ಬೇಡವೇ, ನಾನು ಬೇಡವೇ, ಕೇಳುವುದೇ ಬೇಡವೇ? ಇರುವ ನಾಲ್ಕು ಪದದಲ್ಲಿ ಎಲ್ಲವನ್ನೂ ಹೇಳಬೇಕಾದರೆ ಹೀಗೇ. ಅತ್ತಿಗೆ ಹೇಳುವುದು ಬೇರೆ, ಅವನ ಸಿಟ್ಟು ನನ್ನ ಮೇಲಲ್ಲ, ಒಂದು ಮಾತು ಕೇಳದೆ ಹೋದೆನಲ್ಲ ಅಂತ ತನ್ನ ಮೇಲೇ ಅಂತೆ. ನನಗೂ ಅದೇ ಆಗಿದೆ. ಕೇಳಬೇಕಾದ್ದು ಒಂದೇ ಪ್ರಶ್ನೆ, ಎರಡು ನಿಮಿಷದ ಕೆಲಸ. ಇಬ್ಬರೂ ಬಿಗಿದುಕೊಂಡು ಕೂತೆವು. ಅಷ್ಟಕ್ಕೇ ಇಷ್ಟು ವರ್ಷ ಹೋಯಿತು.

ಪ್ರಕಾಶಕರು ಫೋನು ಮಾಡಿದ್ದರು. ಶುಕ್ರವಾರ ಕೊಡುತ್ತೇವೆ ಅಂದೆ. ಹದಿನಾಲ್ಕು ಅಧ್ಯಾಯವನ್ನು ಇನ್ನೊಂದು ಸುತ್ತು ನೋಡಿದೆ, ನಿಧಾನವಾಗಿ. ಎರಡು ತಪ್ಪು ಸಿಕ್ಕವು.

ಫೆಬ್ರವರಿ ೨೭, ಗುರುವಾರ

ನಾಳೆ ಕಳಿಸಬೇಕು. ಉಳಿದದ್ದು ಲೇಖಕನ ಮಾತು ಒಂದೇ. ಯಾವ ಪ್ರತಿ ಅಂತ ಅವನು ಹೇಳದೆ ನಾನು ಮುಟ್ಟುವುದಿಲ್ಲ ಅಂತ ನಿರ್ಧಾರ ಮಾಡಿದ್ದೆ. ಹನ್ನೊಂದು ಗಂಟೆಗೆ ಎಂದಿನಂತೆ ಮೇಜಿಗೆ ಕೂತು, ಅವನ ಬೆನ್ನಿಗೇ ಹೇಳಿದೆ, “ಅಣ್ಣ, ಹದಿನಾಲ್ಕನೇ ತಾರೀಕಿನದನ್ನು ಓದ್ತೀನಿ. ಬೇಡದಿದ್ದರೆ ಬೇಡ ಅನ್ನು, ಹಳೇದನ್ನೇ ಕಳಿಸ್ತೀನಿ.” ಅತ್ತಿಗೆ ಹೋಲಿಸಿ ನೋಡಲು ಪುಸ್ತಕ ತೆರೆದರು. ಆ ಪ್ಯಾರಾ ಪುಸ್ತಕದಲ್ಲಿ ಇಲ್ಲವಲ್ಲ, ಮುಚ್ಚಿ ತೊಡೆಯ ಮೇಲಿಟ್ಟುಕೊಂಡರು.

ಪ್ರಾಂಶುಪಾಲರು, ಚಿತ್ರದವರು, ಪ್ರೆಸ್ಸಿನವರು, ಎಣ್ಣೆಯವನು ಎಲ್ಲ ಮುಗಿದು ನನ್ನ ಪ್ಯಾರಾ ಬಂತು. ನನ್ನನ್ನು ಹೊಗಳಿದ್ದನ್ನು ನಾನೇ ಓದಬೇಕು, ನಾಚಿಕೆಗೆಟ್ಟವಳ ಹಾಗೆ. ಗಡಗಡ ಓದಿ ಮುಗಿಸಿದೆ. ಕಿಟಕಿಯ ಕಡೆಯಿಂದ, “ಇನ್ನೊಂದ್ಸಲ.”

ತಪ್ಪು ಎಲ್ಲಿದೆ ಅಂತ ಪರದೆಗೆ ಮೂಗು ತಾಗಿಸಿ ನೋಡಿದೆ. ಒತ್ತಕ್ಷರಗಳೆಲ್ಲ ಇದ್ದಲ್ಲಿವೆ, ಏನೂ ಬಿದ್ದಿಲ್ಲ. ಮತ್ತೆ ಓದಿದೆ, ಈ ಸಲ ಸ್ವಲ್ಪ ನಿಧಾನ. “ಇನ್ನೊಂದ್ಸಲ.” ಅತ್ತಿಗೆಯ ಮುಖ ನೋಡಿದೆ. ಅವರು ತಪ್ಪೇನಿಲ್ಲ, ಓದು ಅನ್ನುವಂತೆ ತಲೆ ಅಲ್ಲಾಡಿಸಿದರು. ಅವನು ಕುರ್ಚಿಯನ್ನು ನಮ್ಮ ಕಡೆ ತಿರುಗಿಸಿಕೊಳ್ಳುತ್ತಿದ್ದ. ಆಗ ನನಗೆ ತಿಳಿಯಿತು. ಅವನಿಗೆ ನನ್ನ ಹತ್ತಿರ ಹೇಳಬೇಕಾಗಿದೆ, ಬಾಯಿ ಬರುವುದಿಲ್ಲ, ಅದಕ್ಕೆ ನನ್ನಿಂದ ಹೇಳಿಸುತ್ತಿದ್ದಾನೆ.

ಮೂರನೆಯ ಸಲ ಪದ ಪದ ಬಿಡಿಸಿ ಓದಿದೆ. ಮನೆಯವರೆಲ್ಲ ಹಂಗಿಸುತ್ತೇವೆ ಅನ್ನುವಲ್ಲಿಗೆ ದನಿ ನಡುಗಲು ಶುರುವಾಯಿತು. ಆದರೂ ಹಟ ಹಿಡಿದು ಮುಂದೆ ಹೋದೆ. ‘ಯಾರಾದರೂ ಒಂದು ಯಂತ್ರವನ್ನು ಸರಿಮಾಡಿದರೆ, ಆ ಕೆಲಸ ಅರ್ಧ ನನ್ನದು’ ಅನ್ನುವಷ್ಟರಲ್ಲಿ ಕಣ್ಣು ಮಂಜಾಗಿ ಅಕ್ಷರವೇ ಕಾಣಲಿಲ್ಲ. ಕೈಯಲ್ಲಿ ಬಾಯಿ ಒತ್ತಿಕೊಂಡೆ.

ಪರದೆ ನನ್ನ ಕಡೆಗಿತ್ತು. ಅವನು ಕೂತ ಜಾಗದಿಂದ ಅದರ ಬೆನ್ನು ಮಾತ್ರ ಕಾಣುತ್ತದೆ.

“ಅರ್ಧ,” ಅಂದ ಅಣ್ಣ. ಉಸಿರೆಳೆದುಕೊಂಡ. “ಅರ್ಧ ನನ್ನ ತಂಗಿಯದು.”